ನಾಳೆ ಮಾಸ್ತಪ್ಪ

ಹೊಸನಗರದ ಪೇಟೆಯಲ್ಲಿ ಎಪ್ಪತ್ತರ ದಶಕದ ಕೊನೆಗೆ ‘ಮಾಸ್ತಪ್ಪ ಎಲ್ಲಿ ಸಿಗ್ತಾನೆ’ ಎಂದರೆ ‘ಯಾವ ಮಾಸ್ತಪ್ಪ’ ಎಂದು ಕೇಳುತ್ತಿದ್ದರು. ಟೈಲರ್ ಮಾಸ್ತಪ್ಪ ಎಂದರೂ ಸ್ವಲ್ಪ ಯೋಚಿಸುತ್ತಿದ್ದರು. ‘ನಾಳೆ ಮಾಸ್ತಪ್ಪ’ ಎಂದರೆ ಮಾತ್ರ ಬಸ್ ಸ್ಟ್ಯಾಂಡಿನ ಹಮಾಲಿಯೂ ನಗುತ್ತ ಬೆರಳು ತೋರಿಸುತ್ತಿದ್ದ. ಬಟ್ಟೆ ಯಾವಾಗ ಕೊಡ್ತೀಯ ಎಂದವರಿಗೆಲ್ಲ ಅವನಿಂದ ಬರುತ್ತಿದ್ದ ಉತ್ತರ ಅದೊಂದೇ. ಹಾಗೆ ಹೇಳುವಾಗ ಅವನು ಸುಳ್ಳು ಹೇಳುತ್ತಿರಲಿಲ್ಲ. ನಾಳೆ ಖಂಡಿತ ಆಗುತ್ತದೆ ಎಂದು ಆ ಗಳಿಗೆಯಲ್ಲಿ ಅವನಿಗೆ ನಿಜವಾಗಿಯೇ ಅನ್ನಿಸುತ್ತಿತ್ತು. ಇದನ್ನು ನಂಬುವವರು ಮಾತ್ರ ಇಡೀ ಪೇಟೆಯಲ್ಲಿ ಇರಲಿಲ್ಲ.

ಈಗಿನ ಕಾಲವಾಗಿದ್ದರೆ ಡಾಕ್ಟರುಗಳು ಅವನಿಗೆ ಎರಡು ಹೆಸರು ಹೇಳುತ್ತಿದ್ದರೇನೋ. ಗಮನ ಒಂದೆಡೆ ನಿಲ್ಲದ ತೊಂದರೆ ಒಂದು, ಖಿನ್ನತೆ ಇನ್ನೊಂದು. ಎರಡೂ ಒಂದೇ ಮೈಯಲ್ಲಿ ಮನೆ ಮಾಡಿದರೆ ಒಂದನ್ನೊಂದು ಸಾಕುತ್ತವೆ ಎಂದೂ ತಿಳಿಸಿ ಹೇಳುತ್ತಿದ್ದರು. ಆಗ ನಮ್ಮ ಸೀಮೆಯಲ್ಲಿ ಇದಕ್ಕೆಲ್ಲ ಇದ್ದ ಹೆಸರು ಮೈಗಳ್ಳತನ. ಆ ಹೆಸರಿಡುವುದಕ್ಕೆ ಡಾಕ್ಟರೇನೂ ಬೇಕಿರಲಿಲ್ಲ, ದಾರಿಯಲ್ಲಿ ಹೋಗುವವರೆಲ್ಲ ಇಡುತ್ತಿದ್ದರು.

ಮಾಸ್ತಪ್ಪ ಹುಟ್ಟಿದ್ದು ಸಾಗರ ತಾಲೂಕಿನ ಒಂದು ದೀವರ ಕುಲದ ಮನೆಯಲ್ಲಿ. ಅಪ್ಪ ಗೇಣಿಗೆ ಗದ್ದೆ ಮಾಡಿಕೊಂಡಿದ್ದವನು. ಅಣ್ಣ ಅಪ್ಪನ ಹಿಂದೆ ಗದ್ದೆಗಿಳಿದ, ಮಾಸ್ತಪ್ಪನನ್ನೂ ಇಳಿಸಿ ನೋಡಿದರು. ಒಂದು ದಿನ ಅವನು ಅರ್ಧ ಗದ್ದೆ ಉತ್ತು, ಹಳ್ಳದಲ್ಲಿ ಏಡಿ ಕಂಡಿತೆಂದು ಎತ್ತುಗಳನ್ನು ನೇಗಿಲ ಸಮೇತ ನಿಲ್ಲಿಸಿ ಹೋದ. ಸಂಜೆ ಬಂದಾಗ ಕೈಯಲ್ಲಿ ಏಡಿ ಇರಲಿಲ್ಲ. ಆಚೆ ಕೇರಿಯಲ್ಲಿ ಯಾರದೋ ಬಾವಿಗೆ ಬಿದ್ದಿದ್ದ ಕೊಡ ತೆಗೆದುಕೊಟ್ಟು ಬಂದಿದ್ದ. ಎತ್ತುಗಳು ನೇಗಿಲನ್ನು ಎಳೆದುಕೊಂಡು ತಾವಾಗಿಯೇ ಕೊಟ್ಟಿಗೆಗೆ ಬಂದಿದ್ದವು. ‘ಎತ್ತಿಗಿರೋ ಅಂದಾಜು ಇವಂಗಿಲ್ಲ’ ಎಂದು ಅಪ್ಪ ತಲೆ ಚಚ್ಚಿಕೊಂಡ. ಮುಂದೆ ಕಾನೂನು ಬದಲಾಗಿ ಗೇಣಿಯ ಗದ್ದೆ ಮನೆಯ ಹೆಸರಿಗೇ ಆದಾಗ ಅದನ್ನು ಅಣ್ಣ ನೋಡಿಕೊಂಡ. ಅಷ್ಟರಲ್ಲಿ ಮಾಸ್ತಪ್ಪ ತೀರ್ಥಹಳ್ಳಿಯ ಒಬ್ಬ ದರ್ಜಿಯ ಹತ್ತಿರ ಹೊಲಿಗೆ ಕಲಿತಾಗಿತ್ತು.

ಆ ಕಾಲದಲ್ಲಿ ದೊಡ್ಡ ಮನೆಗಳಲ್ಲಿ ಮದುವೆ ಎಂದರೆ ದರ್ಜಿಯನ್ನೇ ಮನೆಗೆ ಕರೆಸುವ ಪದ್ಧತಿ ಇತ್ತು. ಎತ್ತಿನ ಗಾಡಿ ಬರುತ್ತಿತ್ತು. ಮಿಷನ್ನನ್ನು ಹುಲ್ಲಿನ ಮೇಲೆ ಮಲಗಿಸಿಕೊಂಡು ದರ್ಜಿ ಅದರ ಪಕ್ಕದಲ್ಲಿ ಕೂತು ಹೋಗಬೇಕು. ಜಗುಲಿಯ ಒಂದು ಮೂಲೆ ಅವನದು. ಮನೆಯ ಗಂಡಸರ ಅಂಗಿ, ಹೆಂಗಸರ ರವಿಕೆ, ಮಕ್ಕಳ ಲಂಗ, ಚಡ್ಡಿ ಎಲ್ಲವನ್ನೂ ಅಲ್ಲೇ ಉಂಡು ಅಲ್ಲೇ ಮಲಗಿ ಹೊಲಿದು ಮುಗಿಸಿ, ಧಾರೆಯ ಊಟ ಉಂಡು ಬರುವುದು.

ಅಲ್ಲಿ ಕೂತರೆ ಮಾಸ್ತಪ್ಪ ಬೇರೆಯೇ ಮನುಷ್ಯ. ಒಂದು ಕಡೆ ಹೆಂಗಸರು ಹಪ್ಪಳ ಲಟ್ಟಿಸುತ್ತಿರುತ್ತಾರೆ, ಇನ್ನೊಂದು ಕಡೆ ಗಂಡಸರು ಎಲೆಯಡಿಕೆಯ ಕವಳ ಹಾಕಿಕೊಂಡು ಇಸ್ಪೀಟು ಕಲಸುತ್ತಿರುತ್ತಾರೆ, ಮಕ್ಕಳು ಬಟ್ಟೆಯ ಚೂರಿಗೆ ಕಿತ್ತಾಡುತ್ತಿರುತ್ತವೆ. ಆ ಗದ್ದಲದ ನಡುವೆ ಅವನ ಕಾಲು ತುಳಿಯುತ್ತಲೇ ಇರುತ್ತಿತ್ತು, ಕಣ್ಣು ಸೂಜಿಯ ಮೇಲಿಂದ ಏಳುತ್ತಿರಲಿಲ್ಲ. ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಒಳಗೆ ಸಿಗುವ ಬಿದರಕೊಪ್ಪದ ಗೌಡರ ಮನೆಯ ಯಜಮಾನಿ ಮೂಕಮ್ಮ ‘ಇವನ ಕೈಗೆ ದೆವ್ವ ಹಿಡ್ದದೆ’ ಎನ್ನುತ್ತಿದ್ದರು. ತಾನು ಅಲ್ಲಿ ಮಾತ್ರ ಹೀಗೆ ಹೊಲಿಯುವುದು ಯಾಕೆ ಎಂದು ಮಾಸ್ತಪ್ಪನೂ ಒಮ್ಮೊಮ್ಮೆ ಯೋಚಿಸಿದ್ದಿದೆ. ಗೌಡರ ಮನೆಯ ಕಾಫಿಯ ಗುಣ ಇರಬೇಕು ಎಂದುಕೊಂಡಿದ್ದ.

ಮುಂದೆ ಅವನ ಹೆಂಡತಿಯಾದ ಹುಲಿಯಮ್ಮ ಅವನನ್ನು ಮೊದಲು ಕಂಡದ್ದೂ ಅದೇ ಜಗುಲಿಯಲ್ಲಿ. ಮದುವೆ ಮನೆಯ ಕೆಲಸಕ್ಕೆಂದು ಬಂದವಳು, ತಲೆ ಎತ್ತದೆ ದುಡಿಯುವ ಈ ಗಂಡಸನ್ನು ನೋಡಿದಳು. ಮನೆಯಲ್ಲಿ ಅವನ ಹೆಸರೆತ್ತಿದಾಗ ಬೇಡ ಎನ್ನಲಿಲ್ಲ. ಪಾಪ, ಅವಳದೇನು ತಪ್ಪು? ಕಣ್ಣಾರೆ ಕಂಡೇ ಒಪ್ಪಿದ್ದಳು.

ಆಮೇಲೆ ಕಾಲ ಹೊರಳಿತು. ದೊಡ್ಡ ಮನೆಗಳು ಹಿಸ್ಸೆಯಾದವು, ಪೇಟೆಯಲ್ಲಿ ಸಿದ್ಧ ಉಡುಪು ತೂಗಿಬಿದ್ದವು, ದರ್ಜಿಗೆ ಗಾಡಿ ಕಳಿಸುವವರು ಇಲ್ಲವಾದರು. ಹುಲಿಯಮ್ಮನ ಅಣ್ಣ ಜಯಪ್ಪ ಸಾಗರದ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಬುದ್ಧಿವಾದ ಹೇಳುವುದೆಂದರೆ ಅವನಿಗೆ ಊಟ ಬಿಟ್ಟರೂ ಸೈ. ಅವನೇ ಓಡಾಡಿ ಹೊಸನಗರದ ಪೇಟೆ ಬೀದಿಯಲ್ಲಿ ಭಾವನಿಗೊಂದು ಅಂಗಡಿ ಗೊತ್ತುಮಾಡಿದ. ಹಲಗೆ ಬಾಗಿಲು, ಹೆಂಚಿನ ಮಾಡು, ಮುಂದೊಂದು ಬೆಂಚು. ಇನ್ನು ಮುಂದೆ ಊರೂರು ಅಲೆಯುವುದು ತಪ್ಪಿತಲ್ಲ ಎಂದು ಎಲ್ಲರೂ ಸಂತೋಷಪಟ್ಟರು. ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ಮಾಸ್ತಪ್ಪ.

ಮೊದಮೊದಲು ಹೇಗೋ ನಡೆಯಿತು. ಬೆಂಚಿನ ಮೇಲೆ ಸುಬ್ಬಪ್ಪ ಎಂಬ ಕೆಲಸವಿಲ್ಲದ ಮುದುಕ ಬೆಳಿಗ್ಗೆಯಿಂದ ಕೂತು ಪೇಪರನ್ನು ದೊಡ್ಡದಾಗಿ ಓದುತ್ತಿದ್ದ. ಅವನ ಸುತ್ತ ಇನ್ನೂ ನಾಲ್ಕು ಜನ ಸೇರುತ್ತಿದ್ದರು. ಮಾತು, ಬೀಡಿ, ಚಾ. ಮಾಸ್ತಪ್ಪನೂ ಮಾತಾಡುತ್ತಲೇ ಹೊಲಿಯುತ್ತಿದ್ದ. ತಡವಾದರೂ ಬಟ್ಟೆ ಹೊರಗೆ ಬರುತ್ತಿತ್ತು. ಯಾರೂ ಬಾರದ ದಿನ ಮಾತ್ರ ಎಡವಟ್ಟಾಗುತ್ತಿತ್ತು. ಒಮ್ಮೆ ರವಿಕೆಗೆ ಹುಕ್ಕು ತರಲೆಂದು ಎದ್ದವನು, ಬಸ್ಸಿನ ಮೇಲೆ ಮೂಟೆ ಹತ್ತಿಸುವವರಿಗೆ ಕೈ ಕೊಡಲು ಹೋಗಿ, ಬಸ್ಸಿನಲ್ಲಿದ್ದ ಹಳೆಯ ಪರಿಚಯದವನ ಜೊತೆ ಮಾತಿಗೆ ಕೂತು ಸಾಗರ ಸೇರಿದ. ಅಲ್ಲಿಂದ ಮತ್ತಾರದೋ ಲಾರಿ ಹತ್ತಿ, ಹಿನ್ನೀರಿನಲ್ಲಿ ಮೀನು ಹಿಡಿಯುವುದನ್ನು ನೋಡಲು ಹೊನ್ನೆಮರಡಿಗೆ ಹೋದ. ಮಾರನೆಯ ದಿನ ಮೀನು ಹಿಡಿದುಕೊಂಡು ಬಂದ. ಹುಕ್ಕು ತಂದಿರಲಿಲ್ಲ. ಪೇಟೆಯವರು ಇದನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕರು. ಆ ರವಿಕೆಯ ಹೆಂಗಸು ಮಾತ್ರ ನಗಲಿಲ್ಲ. ಅಂಗಡಿಯ ಮುಂದೆ ನಿಂತು ಎಲ್ಲರೆದುರು ಬೈದು ಹೋದಳು. ಮಾಸ್ತಪ್ಪ ಅವತ್ತಿಡೀ ಮಿಷನ್ನಿನ ಹಿಂದೆ ಗೋಡೆಗೆ ಮುಖಮಾಡಿ ಮಲಗಿದ್ದ.

ಅದು ಶುರು. ಮರೆವು, ಬೈಗುಳ, ನಾಚಿಕೆ, ಮಲಗುವುದು. ಮಲಗಿದ್ದರಿಂದ ಇನ್ನಷ್ಟು ಕೆಲಸ ಬಾಕಿ, ಇನ್ನಷ್ಟು ಬೈಗುಳ. ಹೊಸ ಬಟ್ಟೆ ಬಂದ ದಿನ ಮಾತ್ರ ಅವನ ಮುಖ ಅರಳುತ್ತಿತ್ತು. ಬಟ್ಟೆ ಹರವಿ, ಸೀಮೆಸುಣ್ಣ ಎಳೆದು, ಎಲ್ಲವನ್ನೂ ಒಂದೇ ಉಸಿರಿಗೆ ಕತ್ತರಿಸಿಬಿಡುತ್ತಿದ್ದ. ಆಮೇಲೆ ಆ ಗಂಟು ಕಪಾಟು ಸೇರುತ್ತಿತ್ತು. ಕತ್ತರಿಸಿದ ಬಟ್ಟೆಯನ್ನು ವಾಪಸ್ಸು ಕೊಡುವ ಹಾಗಿಲ್ಲ, ಹೊಲಿಯುವುದಕ್ಕೆ ಕೈ ಬರುವುದಿಲ್ಲ.

ಜಯಪ್ಪ ಒಂದು ಭಾನುವಾರ ಸಾಗರದಿಂದ ಬಂದು, ಅಂಗಡಿಯ ಮುಂದಿನ ಸಂತೆಯನ್ನು ನೋಡಿ ರೋಗ ಕಂಡುಹಿಡಿದ.

‘ಹುಲಿಯಾ, ನಿನ್ನ ಗಂಡಂಗೆ ಎಂತದೂ ಆಗಿಲ್ಲ. ಈ ಹರಟೆಮಲ್ಲರು ಅಂವನ್ನ ತಿಂದು ಹಾಕ್ತಿದಾರೆ. ಇವ್ರ ಮಧ್ಯ ಯಾರಿಗೆ ಕೆಲ್ಸ ಆಗ್ತದೆ?’ ಎಂದ.

ಹುಲಿಯಮ್ಮನಿಗೂ ಹೌದೆನ್ನಿಸಿತು. ಯಾರಿಗಾದರೂ ಹೌದೆನ್ನಿಸುವಂಥ ಮಾತೇ ಅದು. ಮಾಸ್ತಪ್ಪನಿಗೂ ಹೌದೆನ್ನಿಸಿತು ಎಂಬುದೇ ಹೊಟ್ಟೆ ಉರಿಸುವ ಸಂಗತಿ. ಅವಳು ಸುಬ್ಬಪ್ಪನಿಗೆ ‘ಇನ್ನು ಇಲ್ಲಿ ಕೂರ್ಬೇಡಿ ಅಜ್ಜಾ, ಇವ್ರಿಗೆ ಕೆಲ್ಸ ಕೆಡ್ತದೆ’ ಎಂದು ಹೇಳಿದಳು. ಮುದುಕ ಪೇಪರು ಮಡಚಿಕೊಂಡು ಎದ್ದು ಹೋದ, ಮತ್ತೆ ಆ ಕಡೆ ಬರಲಿಲ್ಲ. ಬೆಂಚನ್ನು ಜಯಪ್ಪ ಹೊತ್ತುಕೊಂಡು ಹೋಗಿ ಮನೆಯ ಹಿತ್ತಲಿಗೆ ಹಾಕಿದ. ಅಂಗಡಿ ನಿಶ್ಶಬ್ದವಾಯಿತು.

ಆ ನಿಶ್ಶಬ್ದದಲ್ಲಿ ಮಾಸ್ತಪ್ಪ ಮುಳುಗಿಯೇ ಹೋದ. ಸೂಜಿಗೆ ದಾರ ಪೋಣಿಸುವ ಹೊತ್ತಿಗೆ ಕೆಳದಾರದ ಬಾಬಿನ್ನು ನೆನಪಾಗುವುದು, ಬಾಬಿನ್ನು ಸುತ್ತುವಾಗ ನಿನ್ನೆ ಬಿಟ್ಟ ಗುಂಡಿಯ ಕಾಜಾ ನೆನಪಾಗುವುದು, ಕಾಜಾದ ಅಂಗಿ ಹುಡುಕುವಾಗ ಅದರ ಅಡಿಯಲ್ಲಿ ತಿಂಗಳುಗಳ ಹಿಂದಿನ ಒಂದು ಲಂಗ ಸಿಗುವುದು. ಆ ಲಂಗ ಕಣ್ಣಿಗೆ ಬಿದ್ದರೆ ಮುಗಿಯಿತು; ಅದರ ಒಡತಿಯ ಮುಖ ಎದುರಿಗೆ ಬಂದು, ಎಲ್ಲವನ್ನೂ ಅಲ್ಲೇ ಬಿಟ್ಟು ಮಿಷನ್ನಿನ ಹಿಂದೆ ಹೋಗಿ ಮಲಗುತ್ತಿದ್ದ. ಊಟ ರುಚಿಸುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಮಾತಾಡಿದರೆ ಕೇಳುತ್ತಿತ್ತು, ಉತ್ತರ ಹುಡುಕಿ ತರುವಷ್ಟು ತ್ರಾಣ ಇರುತ್ತಿರಲಿಲ್ಲ. ಸಾಯಬೇಕು ಎಂದು ಅವನಿಗೆ ಅನ್ನಿಸಿದ್ದಲ್ಲ. ತಾನು ಹುಟ್ಟದೇ ಇದ್ದಿದ್ದರೆ ಇವರಿಗೆಲ್ಲ ಎಷ್ಟು ಸಲೀಸಿತ್ತು ಎಂದು ಮಾತ್ರ ಅನ್ನಿಸುತ್ತಿತ್ತು.

ಮದ್ದು ಮಾಡಲಿಲ್ಲ ಎಂದಲ್ಲ. ಹುಲಿಯಮ್ಮ ತಾಯಿತ ಕಟ್ಟಿಸಿದಳು, ಹರಕೆ ಹೊತ್ತಳು. ಸಾಗರದ ಒಬ್ಬ ಡಾಕ್ಟರು ನಾಲಿಗೆ ನೋಡಿ, ರಕ್ತ ಕಡಿಮೆ ಎಂದು ಕೆಂಪು ಟಾನಿಕ್ಕು ಕೊಟ್ಟರು. ಟಾನಿಕ್ಕು ಸಿಹಿಯಾಗಿತ್ತು, ಮನೆಯ ಒಬ್ಬಳೇ ಮಗಳು ಅರ್ಧ ಕುಡಿದಳು. ಆ ವರ್ಷ ಜೂನಿನಲ್ಲಿ ಶಾಲೆ ತೆರೆದಾಗ ಅದೇ ಮಗಳ ಯೂನಿಫಾರ್ಮಿನ ಲಂಗಕ್ಕೆ ಅಂಚು ಹೊಲಿದಾಗಿರಲಿಲ್ಲ. ಹುಡುಗಿ ಪಿನ್ನು ಚುಚ್ಚಿಕೊಂಡು ಶಾಲೆಗೆ ಹೋಗಿ, ‘ಟೈಲರ್ ಮಗಳು’ ಎಂದು ಎಲ್ಲರೂ ನಕ್ಕಿದ್ದನ್ನು ಮನೆಯಲ್ಲಿ ಹೇಳದೆ ನುಂಗಿದಳು. ಅಪ್ಪನಿಗೆ ಅದು ಹೇಗೋ ತಿಳಿಯಿತು. ತಿಳಿದ ಮೇಲೆ ಹೊಲಿದುಕೊಟ್ಟನೇ? ಇಲ್ಲ. ನಾಚಿಕೆಯಿಂದ ಆ ಲಂಗವನ್ನು ಮುಟ್ಟುವುದೇ ಅವನಿಂದ ಆಗಲಿಲ್ಲ. ಕೊನೆಗೆ ಹುಲಿಯಮ್ಮನೇ ಕೈಸೂಜಿಯಲ್ಲಿ ಹೊಲಿದಳು.

ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟರು. ಹುಲಿಯಮ್ಮ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕೆ ಸೇರಿದಳು. ಕೊನೆಗೂ ಬಿಡದೆ ಉಳಿದದ್ದು ಬಿದರಕೊಪ್ಪದ ಮನೆ ಒಂದೇ. ಎಂಬತ್ತೆರಡನೆಯ ಇಸವಿಯ ಆರಂಭದಲ್ಲಿ ಮೂಕಮ್ಮನ ಮಗ ಮುಕುಂದಯ್ಯಗೌಡರು ಜೀಪಿನಲ್ಲಿ ಬಂದು ಒಂದು ದೊಡ್ಡ ಗಂಟು ಇಳಿಸಿದರು. ಅವರ ಮಗಳ ಮದುವೆ ಬೇಸಿಗೆಯಲ್ಲಿತ್ತು. ಮದುಮಗಳ ರವಿಕೆಗಳು, ಮನೆಯ ಹೆಂಗಸರವು, ಮಕ್ಕಳ ಬಟ್ಟೆ.

‘ಪೇಟೇಲಿ ಬೇರೆಯವ್ರಿಗೆ ಕೊಡೂಂತ ಎಲ್ರೂ ಹೇಳಿದ್ರು ಮಾಸ್ತಪ್ಪ. ಅಮ್ಮ ಕೇಳ್ಲಿಲ್ಲ. ನಮ್ಮ ಮನೆ ಮದುವೆ ಬಟ್ಟೆ ಅವನ ಕೈಲೇ ಆಗ್ಬೇಕು ಅಂದ್ರು. ಮರ್ಯಾದೆ ಉಳಿಸು.’

‘ಆಗ್ತದೆ ಗೌಡ್ರೆ’ ಎಂದ ಮಾಸ್ತಪ್ಪ. ಅವತ್ತೇ ಅಷ್ಟೂ ಬಟ್ಟೆಯನ್ನು ಕತ್ತರಿಸಿ ಮುಗಿಸಿದ. ಮನೆಗೆ ಬಂದು ಮಗಳ ಜೊತೆ ನಕ್ಕು ಮಾತಾಡಿದ. ಹುಲಿಯಮ್ಮ ದೇವರಿಗೆ ದೀಪ ಹಚ್ಚಿದಳು.

ಮರುದಿನದಿಂದ ಅದೇ ಹಾಡು. ಗಂಟು ಕಪಾಟಿನೊಳಗೆ, ಮಾಸ್ತಪ್ಪ ಗೋಡೆಯ ಕಡೆಗೆ. ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು. ಒಂದು ದಿನ ಹುಲಿಯಮ್ಮ ಗಂಟು ಬಿಚ್ಚಿ ನೋಡಿ, ಒಂದು ತೋಳೂ ಕೂಡಿಲ್ಲ ಎಂದು ಕಂಡು, ಅಲ್ಲೇ ನೆಲದ ಮೇಲೆ ಕೂತಳು.

‘ಇದೊಂದು ಮಾಡಿ ಕೊಡಿ. ಇದೂ ಆಗ್ಲಿಲ್ಲ ಅಂದ್ರೆ ಈ ಪೇಟೇಲಿ ನಮ್ಗೆ ಮುಖ ಇಲ್ಲ. ಮಿಷನ್ ಮಾರಿ, ನಾನು ಮಗಳನ್ನ ಕರ್ಕೊಂಡು ಅಣ್ಣನ ಮನೆಗೆ ಹೋಗ್ತೀನಿ. ನೀವು ನಿಮ್ಮಣ್ಣನ ಗದ್ದೆಗೆ ಹೋಗಿ’ ಎಂದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಅದಕ್ಕೇ ಮಾಸ್ತಪ್ಪನಿಗೆ ಹೆದರಿಕೆಯಾಯಿತು.

ಆಗ ಜಯಪ್ಪ ಕೊನೆಯ ಮದ್ದು ಹೇಳಿದ. ಅಂಗಡಿಗೆ ಹೊರಗಿನಿಂದ ಬೀಗ ಹಾಕುವುದು. ಅಂಗಡಿ ಮುಚ್ಚಿದೆ ಎಂದು ಜನ ಬರುವುದಿಲ್ಲ. ಎದ್ದು ಹೋಗೋಣವೆಂದರೆ ಇವನಿಗೂ ದಾರಿಯಿಲ್ಲ. ‘ಏಕಾಂತ ಬೇಕು ಭಾವ, ಏಕಾಂತ’ ಎಂದು ಒತ್ತಿ ಒತ್ತಿ ಹೇಳಿದ. ಮಾಸ್ತಪ್ಪ ತಾನೇ ಹೋಗಿ ಬೀಗ ಕೊಂಡು ತಂದ. ಅಷ್ಟು ಆಸೆ ಇತ್ತು ಅವನಿಗೆ.

ಬೆಳಿಗ್ಗೆ ಹುಲಿಯಮ್ಮ ಅವನನ್ನು ಒಳಗೆ ಬಿಟ್ಟು, ಹಲಗೆಗಳನ್ನು ಜೋಡಿಸಿ, ಬೀಗ ಹಾಕಿ ಹೋಟೆಲಿಗೆ ಹೋಗುವಳು. ಮಧ್ಯಾಹ್ನ ಗಂಜಿ ತರುವಳು, ಬಾಗಿಲು ತೆಗೆದು ಮೊದಲು ಅವನ ಮುಖ ನೋಡದೆ ಬಟ್ಟೆಯ ಗಂಟು ನೋಡುವಳು. ಮಾಡಿನಲ್ಲಿದ್ದ ಎರಡು ಗಾಜಿನ ಹೆಂಚಿನಿಂದ ಬೆಳಕು ಬೀಳುತ್ತಿತ್ತು. ಹೊಲಿಯುವುದಕ್ಕೆ ಆ ಬೆಳಕು ಧಾರಾಳ ಸಾಕು. ಮಾಸ್ತಪ್ಪ ಮಿಷನ್ನಿನ ಮುಂದೆ ಕೂರುವನು, ರವಿಕೆಯ ತೋಳು ಕೈಗೆತ್ತಿಕೊಳ್ಳುವನು, ಕಾಲನ್ನು ಪೆಡಲಿನ ಮೇಲೆ ಇಡುವನು. ಆಮೇಲೆ ಏನಾಗುತ್ತಿತ್ತು ಎಂದು ಅವನನ್ನು ಕೇಳಿದರೆ ಹೇಳಲು ಏನೂ ಇರಲಿಲ್ಲ. ಬೆಳಕಿನ ಚೌಕ ನೆಲದ ಮೇಲೆ ಸರಿದು ಗೋಡೆ ಹತ್ತಿರುತ್ತಿತ್ತು. ತೋಳು ಕೈಯಲ್ಲೇ ಇರುತ್ತಿತ್ತು.

ಜನರೇನೂ ಬಾರದೆ ಉಳಿಯಲಿಲ್ಲ. ಹಲಗೆಯ ಆಚೆ ನಿಂತು ತಟ್ಟುತ್ತಿದ್ದರು. ಒಂದು ಮಧ್ಯಾಹ್ನ ಯಾರೋ ಇಬ್ಬರು ಬಂದರು.

‘ಬೀಗ ಉಂಟಲ್ಲ ಮಾರಾಯ.’

‘ಒಳಗೇ ಇದಾನೆ ಕಣಾ. ಹೆಂಡ್ತಿ ಕೂಡಿ ಹಾಕಿ ಹೋಗ್ತಾಳಂತೆ, ಓಡ್ದೆ ಇರ್ಲಿ ಅಂತ.’

‘ಮಿಷನ್ ಸದ್ದೇ ಇಲ್ಲ. ಬದುಕಿದಾನೋ ಸತ್ತಿದಾನೋ.’

ನಗು. ಮಾಸ್ತಪ್ಪ ಉಸಿರು ಬಿಗಿಹಿಡಿದು, ಪೆಡಲಿನಿಂದ ಕಾಲನ್ನು ನಿಧಾನಕ್ಕೆ ತೆಗೆದ, ಎಲ್ಲಿಯಾದರೂ ಕಿರ್ ಎಂದೀತು ಎಂದು. ಇನ್ನೊಮ್ಮೆ ಮುಕುಂದಯ್ಯಗೌಡರೇ ಬಂದು ಕೂಗಿದರು. ಅವನು ಓ ಎನ್ನಲಿಲ್ಲ. ತನ್ನ ಅಂಗಡಿಯಲ್ಲೇ ಕಳ್ಳನ ಹಾಗೆ ಅಡಗಿ ಕೂತ ಮನುಷ್ಯನಿಗೆ ತನ್ನ ಮೇಲೆ ಎಷ್ಟು ಅಸಹ್ಯ ಹುಟ್ಟಬಹುದೋ ಅಷ್ಟು ಹುಟ್ಟಿತು. ಅವರು ಹೋದ ಮೇಲೆ ಅವನು ರವಿಕೆಯ ತೋಳನ್ನೇ ಮುಖಕ್ಕೆ ಒತ್ತಿಕೊಂಡು ಅತ್ತ. ಹೊಸ ರೇಷ್ಮೆಗೆ ಕಣ್ಣೀರಿನ ಕಲೆಯಾದೀತು ಎಂದು ಹೊಳೆದದ್ದೇ ಅಳುವುದನ್ನೂ ನಿಲ್ಲಿಸಿದ.

ನಾಡಿದ್ದು ಧಾರೆ ಎನ್ನುವ ದಿನ ಬೆಳಿಗ್ಗೆ ಜೀಪು ಬಂತು. ಮುಕುಂದಯ್ಯಗೌಡರ ಜೊತೆ ಮೂಕಮ್ಮನೂ ಇದ್ದರು. ಬಳೆಗಾರನ ಅಂಗಡಿಗೆಂದು ಬಂದವರು. ಹುಲಿಯಮ್ಮ ಆಗಷ್ಟೇ ಬೀಗ ಹಾಕಿ ತಿರುಗಿದ್ದಳು. ಗೌಡರು ತೆಗೆಸಿದರು. ಕಪಾಟಿನಿಂದ ಗಂಟು ಎಳೆದು, ಬಿಡಿ ಬಿಡಿ ತುಂಡುಗಳನ್ನು ನೋಡಿ, ಅವರ ಮುಖ ಕಪ್ಪಿಟ್ಟಿತು.

‘ಹೊಡೆದು ಎಂತ ಪ್ರಯೋಜನ ನಿಂಗೆ’ ಎಂದರು. ಮಾಸ್ತಪ್ಪ ತಲೆ ತಗ್ಗಿಸಿ ನಿಂತಿದ್ದ. ಹೊಡೆದಿದ್ದರೆ ಒಳ್ಳೆಯದಿತ್ತು ಎಂದು ಅವನಿಗನ್ನಿಸಿತು. ಗೌಡರು ಬೀದಿಯ ಉಳಿದ ದರ್ಜಿಗಳನ್ನು ಕೇಳಿ ಬಂದರು. ಮದುವೆ ಕಾಲ, ಇನ್ನೊಬ್ಬ ಕತ್ತರಿಸಿದ್ದನ್ನು ಮುಟ್ಟಲು ಯಾರೂ ಒಪ್ಪಲಿಲ್ಲ.

ಮೂಕಮ್ಮ ಅಷ್ಟರಲ್ಲಿ ಜೀಪಿನಿಂದ ಇಳಿದು, ಮೊಣಕಾಲು ನೀವಿಕೊಳ್ಳುತ್ತ ಅಂಗಡಿಯ ಒಳಗೆ ಬಂದು, ಗೋಡೆಗೊರಗಿ ಕೂತುಬಿಟ್ಟಿದ್ದರು.

‘ನೀ ಹೋಗಿ ಬಳೆ, ದಿನಸಿ ಎಲ್ಲ ಮುಗ್ಸಿ ಬಾ ಮುಕುಂದ. ನನ್ ಕೈಲಿ ಇನ್ನು ಆ ಜೀಪಲ್ಲಿ ಕುಣಿಯಕ್ಕಾಗಲ್ಲ. ಇಲ್ಲೇ ಇರ್ತೀನಿ’ ಎಂದರು. ಮಾಸ್ತಪ್ಪನ ಕಡೆ ತಿರುಗಿ, ‘ನೀನ್ಯಾಕೆ ನಿಂತದ್ದು ಕಂಬದ ಹಂಗೆ? ಎಷ್ಟಾಗ್ತದೋ ಅಷ್ಟು ಹೊಲಿ. ಉಳಿದದ್ದು ಹಳೇದೇ ಹಾಕ್ಕೊಳ್ತೀವಿ’ ಎಂದರು.

ಅವರಿಗೆ ಮಾಸ್ತಪ್ಪನ ಒಳಗಿನದೇನೂ ಗೊತ್ತಿರಲಿಲ್ಲ. ಕಾಲು ನೋಯುತ್ತಿತ್ತು, ಕೂತರು, ಅಷ್ಟೇ. ಕೂತವರು ಸುಮ್ಮನಿರುವ ಜಾತಿಯೂ ಅಲ್ಲ. ಕವಳದ ಸಂಚಿ ಬಿಚ್ಚಿ ಶುರುಮಾಡಿದರು. ಗಂಡಿನ ಕಡೆಯವರ ಜಂಭ, ಹಾಲು ಕೊಡದೆ ಒದೆಯುತ್ತಿರುವ ಕೆಂಪು ದನ, ಅಡುಗೆಯವನು ಸಕ್ಕರೆ ಹೆಚ್ಚು ಬರೆಸಿದ್ದು, ತಮ್ಮ ಮದುವೆಯಲ್ಲಿ ಮಳೆ ಬಂದು ಚಪ್ಪರ ಕುಸಿದದ್ದು. ನಡುವೆ ‘ಹೌದಾ ಇಲ್ವಾ?’ ಎಂದು ಕೇಳುವರು. ಮಾಸ್ತಪ್ಪ ‘ಹೌದಮ್ಮಾ’ ಎನ್ನುವನು. ಯಾವಾಗ ದಾರ ಪೋಣಿಸಿದ, ಯಾವಾಗ ಮೊದಲ ತೋಳು ಕೂಡಿತು, ಅವನಿಗೇ ತಿಳಿಯಲಿಲ್ಲ. ಚಕ್ರ ತಿರುಗುತ್ತಿತ್ತು. ಒಂದು ರವಿಕೆ ಮುಗಿದು ಕೈ ತಾನಾಗಿಯೇ ಮುಂದಿನದಕ್ಕೆ ಹೋಯಿತು. ಬಾಬಿನ್ನು ತೀರಿದಾಗ ಬಾಬಿನ್ನು ಮಾತ್ರ ನೆನಪಾಯಿತು, ಬೇರೇನೂ ನೆನಪಾಗಲಿಲ್ಲ.

ಹುಲಿಯಮ್ಮ ಹೋಟೆಲಿಗೆ ಹೇಳಿಕಳಿಸಿ ತಾನೂ ಕೂತಳು. ಅವನು ಎಸೆದದ್ದನ್ನು ಹಿಡಿದು ಹುಕ್ಕು ಹಾಕಿದಳು, ಅಂಚು ಮಡಿಸಿದಳು. ಮೂಕಮ್ಮನ ಮಾತಿಗೆ ಒಮ್ಮೆ ಮೂವರೂ ನಕ್ಕರು. ಮಾಸ್ತಪ್ಪ ತನ್ನ ನಗುವಿನ ಸದ್ದನ್ನು ತಾನೇ ಕೇಳಿ ಬೆಚ್ಚಿದ. ಆ ಗಳಿಗೆಯಲ್ಲೇ ಅವನಿಗೆ ಹೊಳೆದದ್ದು. ಕಾಫಿಯ ಗುಣವಲ್ಲ. ಜಗುಲಿಯ ಗುಣವೂ ಅಲ್ಲ. ಮಗ್ಗುಲಲ್ಲಿ ಒಂದು ಜೀವ ಕೂತಿರಬೇಕು, ಅಷ್ಟೇ. ಇಷ್ಟು ವರ್ಷ ಎಲ್ಲರೂ ಸೇರಿ, ತಾನೂ ಕೈಜೋಡಿಸಿ, ಅದೊಂದನ್ನೇ ತನ್ನಿಂದ ದೂರ ಓಡಿಸುತ್ತ ಬಂದದ್ದು ಎಂದು ಅವನಿಗೆ ತಿಳಿಯಿತು. ಕಾಲು ಮಾತ್ರ ನಿಲ್ಲಲಿಲ್ಲ.

ಹೊತ್ತು ಇಳಿಯುವಾಗ ಗಂಟು ಸಿದ್ಧವಾಗಿತ್ತು. ಒಂದು ರವಿಕೆಯೂ ಬಾಕಿ ಇರಲಿಲ್ಲ.

ಪೇಟೆ ಸುತ್ತಿ ಬಂದ ಮುಕುಂದಯ್ಯಗೌಡರು, ಮಡಚಿಟ್ಟ ಬಟ್ಟೆಗಳನ್ನು ನೋಡಿದರು, ಮಾಸ್ತಪ್ಪನನ್ನು ನೋಡಿದರು. ಅವರ ಸಿಟ್ಟು ಇಳಿದಿತ್ತು. ‘ನೋಡಿದ್ರಾ ಅಮ್ಮಾ, ಒಂದು ಹಗಲಿನ ಕೆಲ್ಸ. ತಲೆ ಮೇಲೆ ಕೂತ್ರೆ ಮಾಡ್ತಾನೆ ಬಡ್ಡಿಮಗ. ಬರೀ ಸೊಕ್ಕು’ ಎಂದು ನಗುತ್ತಲೇ ಅಂದರು. ಸಂಜೆಯ ಬಸ್ಸಿಗೆ ಬಂದಿಳಿದ ಜಯಪ್ಪನಿಗೆ ಸುದ್ದಿ ಗೊತ್ತಾದಾಗ ಅವನು ಬೀಗವನ್ನು ಕೈಯಲ್ಲಿ ತೂಗಿ ನೋಡಿ, ‘ನಾ ಹೇಳ್ಲಿಲ್ವಾ? ಇದ್ರದ್ದೇ ಗುಣ’ ಎಂದ. ಸೋತಿದ್ದಾಗ ಮಾಸ್ತಪ್ಪನ ಪರವಾಗಿ ಒಂದಿಷ್ಟು ಅನುಮಾನವಾದರೂ ಇತ್ತು. ಪಾಪ, ಅವನಿಗೇನೋ ಆಗಿದೆ ಎನ್ನುವವರಿದ್ದರು. ಈಗ ಗೆದ್ದು ಅದನ್ನೂ ಕಳೆದುಕೊಂಡ. ಮಾಡಬಲ್ಲವನು, ಬೇಕೆಂದೇ ಮಾಡದವನು ಎಂದು ಸಾಕ್ಷಿಸಮೇತ ತೀರ್ಮಾನವಾಯಿತು.

ಮನೆಯಲ್ಲಿ ಜಯಪ್ಪ ಕೈಕಾಲು ತೊಳೆಯಲು ಹೋದಾಗ ಹುಲಿಯಮ್ಮ ಒಲೆಯ ಮುಂದಿನಿಂದ ಗಂಡನ ಕಡೆ ತಿರುಗಿದಳು.

‘ಒಂದು ಹಗಲಲ್ಲಿ ಆಗದಿದ್ದಿದ್ರೆ ನಂಗೆ ಇಷ್ಟು ಬೇಜಾರಾಗ್ತಿರ್ಲಿಲ್ಲ. ಇಷ್ಟು ವರ್ಷ ಎಂತಕ್ಕೆ ನಮ್ಮನ್ನ ಹಿಂಗೆ ಸಾಯ್ಸಿದ್ರಿ?’

ಅವಳ ಕಣ್ಣಲ್ಲಿ ನೀರಿತ್ತು. ಮಾಸ್ತಪ್ಪ ಒಲೆಯ ಹತ್ತಿರ ಬಂದು ಕೂತ.

‘ಒಬ್ನೇ ಕೂತ್ರೆ ಕೈ ಬರಲ್ಲ ಹುಲಿಯಾ. ಯಾರಾದ್ರೂ ಮಗ್ಗುಲಲ್ಲಿ ಇದ್ರೆ ಬರ್ತದೆ. ಮಾತಾಡದಿದ್ರೂ ಅಡ್ಡಿಯಿಲ್ಲ, ಸುಮ್ನೆ ಕೂತಿದ್ರೆ ಸಾಕು. ಯಾಕೇಂತ ನಂಗೂ ಗೊತ್ತಿಲ್ಲ. ಇವತ್ತೇ ಗೊತ್ತಾದದ್ದು.’

ಅವಳು ನಗಬಹುದು ಎಂದು ಅವನು ಹೆದರಿದ್ದ. ಅವಳು ನಗಲಿಲ್ಲ, ಅವನ ಮುಖವನ್ನೇ ನೋಡುತ್ತ ಕೂತಳು. ಇಂಥ ಸುಳ್ಳನ್ನು ಯಾರೂ ಕಟ್ಟಲಾರರು ಎಂದು ಅವಳಿಗೆ ಅನ್ನಿಸಿರಬೇಕು.

‘ಸರಿ. ನಾಳೆ ನಾನು ಬಂದು ಕೂರ್ತೀನಿ’ ಎಂದಳು.

ಮಾರನೆಯ ಬೆಳಿಗ್ಗೆ ಇಬ್ಬರೂ ಕೂಡಿ ಹೋಗಿ ಹಲಗೆ ತೆಗೆದರು. ಅವಳು ಗೋಡೆಗೊರಗಿ ಕೂತು ಹರಿದ ಚೀಲವೊಂದಕ್ಕೆ ತೇಪೆ ಹಾಕತೊಡಗಿದಳು. ಅವನು ಕಪಾಟಿನ ಅಡಿಯಿಂದ ಹಳೆಯ ಲಂಗ ಒಂದನ್ನು ತೆಗೆದ. ಒಡತಿಯ ಮುಖ ನೆನಪಿಗೆ ಬಂತು; ಆದರೂ ಕೈ ನಡೆಯಿತು. ಲಂಗದ ಒಂದು ಮಗ್ಗುಲು ಕೂಡಿತು. ಹುಲಿಯಮ್ಮ ತಲೆಯೆತ್ತಿ ನೋಡಿ ಮತ್ತೆ ಚೀಲಕ್ಕೆ ಬಗ್ಗಿದಳು. ಮದುವೆಯಾದಾಗಿನಿಂದ ಅಷ್ಟು ನೆಮ್ಮದಿಯ ಬೆಳಿಗ್ಗೆಯನ್ನು ಅವನು ಕಂಡಿರಲಿಲ್ಲ.

ಬಿಸಿಲು ಹೊಸ್ತಿಲಿಗೆ ಬಂದಾಗ ಅವಳು ಬೀದಿಯ ಕಡೆ ನೋಡಿದಳು. ಹೋಟೆಲಿನಲ್ಲಿ ಅಕ್ಕಿ ನೆನೆದು ಕೂತಿರುತ್ತದೆ. ನಿನ್ನೆ ಹೋಗಿಲ್ಲ, ಇವತ್ತೂ ಹೋಗದಿದ್ದರೆ ಬೇರೆಯವಳನ್ನು ಇಟ್ಟುಕೊಳ್ಳುತ್ತಾರೆ. ಬಾಕಿ ಬಟ್ಟೆಗಳೆಲ್ಲ ಮುಗಿದು, ಬಿಟ್ಟುಹೋದವರು ನಂಬಿ ತಿರುಗಿ ಬರುವವರೆಗೆ ಒಲೆ ಉರಿಯಬೇಕಾದದ್ದು ಆ ರುಬ್ಬುವ ಕಲ್ಲಿನಿಂದಲೇ. ಇಬ್ಬರಿಗೂ ಇದು ಗೊತ್ತಿತ್ತು. ಅವಳು ಚೀಲ ಮಡಚಿದಳು, ಏಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಳು.

‘ಹೋಗು. ಈಗ ಕೈ ಹತ್ತಿದೆ, ನಿಲ್ಲಲ್ಲ’ ಎಂದ ಮಾಸ್ತಪ್ಪ, ತಲೆ ಎತ್ತದೆ.

‘ಹೌದಾ?’

‘ಹೌದು. ಹೋಗು.’

ಅವಳು ಎದ್ದಳು. ಬೀಗವನ್ನು ಮುಟ್ಟಲಿಲ್ಲ, ಹಲಗೆಗಳನ್ನು ಅಗಲ ತೆರೆದೇ ಇಟ್ಟು ಬೀದಿಗಿಳಿದಳು. ಲಂಗ ಅವನ ಕೈಯಲ್ಲೇ ನಿಂತುಹೋಯಿತು. ಅವಳ ಹೆಜ್ಜೆ ನಿಧಾನವಾಗಿದ್ದದ್ದು ಅವನಿಗೆ ಕೇಳಿಸುತ್ತಿತ್ತು. ಮಿಷನ್ನಿನ ಸದ್ದಿಗೆ ಕಿವಿ ಹಿಂದಕ್ಕಿಟ್ಟುಕೊಂಡೇ ಹೋಗುತ್ತಿದ್ದಾಳೆ ಎಂದು ಗೊತ್ತಾಯಿತು. ಅವನು ಲಂಗವನ್ನು ಪಕ್ಕಕ್ಕಿಟ್ಟ. ಸೂಜಿಯ ಕೆಳಗೆ ಏನೂ ಇಲ್ಲದ ಮಿಷನ್ನನ್ನು ಜೋರಾಗಿ ತುಳಿಯತೊಡಗಿದ, ಅವಳು ಬಸ್ ಸ್ಟ್ಯಾಂಡಿನ ತಿರುವು ದಾಟಿರಬಹುದು ಎನ್ನಿಸುವವರೆಗೂ ತುಳಿಯುತ್ತಲೇ ಇದ್ದ.